ಗೋಡೆಯ ಮುಜಂಟಿ ಗೂಡಿನ ಬಾಗಿಲಲ್ಲಿ ಕುಳಿತಿರುವವು ಏನು ಮಾಡುತ್ತವೆ?

ಮುರಕಲ್ಲಮನೆ:

ಎಲ್ಲರಿಗೂ ನಮಸ್ಕಾರ. ಪುತ್ತೂರಿನ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಮುರಕಲ್ಲಿನ ಹಳೆಯ ಗೋಡೆ, ಮಾವನವರ ತಂದೆ ಕಟ್ಟಿಸಿದ್ದು. ಹಿತ್ತಿಲ ಕಡೆ, ಬಚ್ಚಲುಮನೆಯ ಕಿಟಕಿಯಿಂದ ಒಂದು ಮೊಳ ಆಚೆ, ಎರಡು ಕಲ್ಲುಗಳ ಸಂದಿಯಲ್ಲಿ ಮುಜಂಟಿ ಜೇನಿನ ಗೂಡಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದು 19 ವರ್ಷವಾಯಿತು. ಅದಕ್ಕೂ ಮೊದಲೇ ಇತ್ತು ಎಂದು ಅತ್ತೆ ಹೇಳುತ್ತಾರೆ.

ಮಳೆಗಾಲದಲ್ಲಿ ಆ ಗೋಡೆ ಒಳಗಿನವರೆಗೂ ತೇವ ಎಳೆಯುತ್ತದೆ. ಹಾಗಾಗಿ ಈ ಬೇಸಿಗೆಯಲ್ಲಿ ಗಾರೆ ಮಾಡಿಸುವುದೆಂದು ನಮ್ಮ ಮನೆಯವರು ಮೇಸ್ತ್ರಿಗೆ ಮಾತು ಕೊಟ್ಟಿದ್ದಾರೆ. ಅಲ್ಲಿಂದ ನನಗೆ ಸಮಾಧಾನವಿಲ್ಲ. ಇಷ್ಟು ವರ್ಷ ಪಾತ್ರೆ ತೊಳೆಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದ ಗೂಡನ್ನು ಹತ್ತು ದಿನಗಳಿಂದ ಸ್ಟೂಲು ಹಾಕಿಕೊಂಡು ಕುಳಿತು ನೋಡುತ್ತಿದ್ದೇನೆ.

ಕಲ್ಲಿನ ಸಂದಿಯಿಂದ ಕಪ್ಪು ಮೇಣದ ಕೊಳವೆಯೊಂದು ಹೊರಗೆ ಚಾಚಿದೆ. ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಉದ್ದ. ತುದಿ ಅಗಲವಾಗಿ, ತುತ್ತೂರಿಯ ಬಾಯಿಯ ಹಾಗೆ. ಆ ಬಾಯಿಯ ಅಂಚಿನಲ್ಲಿ ಸುತ್ತಲೂ ತಲೆಗಳು. ಇವತ್ತು ಬೆಳಗ್ಗೆ ಒಂಬತ್ತು ಎಣಿಸಿದೆ. ಎಲ್ಲವೂ ಹೊರಗೆ ಮುಖ ಮಾಡಿ ಕುಳಿತಿವೆ. ಹಾರುವುದಿಲ್ಲ, ಏನನ್ನೂ ಹೊರುವುದಿಲ್ಲ, ಗೂಡು ಕಟ್ಟುವ ಕೆಲಸವನ್ನೂ ಮಾಡುವುದಿಲ್ಲ. ಹೊರಗಿನಿಂದ ಒಂದು ಹುಳು ಬಂದಾಗ ಮಾತ್ರ ಎರಡು ತಲೆಗಳು ಅಷ್ಟೇ ಅಷ್ಟು ಸರಿದು ದಾರಿ ಬಿಡುತ್ತವೆ, ಮತ್ತೆ ಕೂಡಿಕೊಳ್ಳುತ್ತವೆ. ನಾನು ಮುಖ ತೀರ ಹತ್ತಿರ ಒಯ್ದರೆ ಒಂಬತ್ತೂ ಒಟ್ಟಿಗೆ ಒಳಗೆ ಸರಿಯುತ್ತವೆ. ಉಸಿರು ಬಿಗಿಹಿಡಿದು ಸ್ವಲ್ಪ ಹೊತ್ತು ಕಾದರೆ ಒಂದೊಂದಾಗಿ ಮತ್ತೆ ಬಂದು ಕೂರುತ್ತವೆ.

ಅವು ಕಾವಲಿನವು ಎಂದು ನನಗೂ ಗೊತ್ತಾಗುತ್ತದೆ. ನನ್ನ ಪ್ರಶ್ನೆ ಬೇರೆ. ಒಂದರ ಹಾಗೆ ಇನ್ನೊಂದು ಇರುವ ಸಾವಿರಾರು ಹುಳುಗಳಲ್ಲಿ ನಮ್ಮ ಮನೆಯದು ಯಾವುದು, ಹೊರಗಿನದು ಯಾವುದು ಎಂದು ಅವಕ್ಕೆ ತಿಳಿಯುವುದು ಹೇಗೆ? ದಿನವೂ ಅವೇ ಒಂಬತ್ತು ಕೂರುತ್ತವೆಯೋ, ಪಾಳಿ ಇದೆಯೋ? ಮತ್ತೆ, ಗಾರೆ ಕೆಲಸ ನಡೆಯುವಾಗ ಈ ಗೂಡನ್ನು ಉಳಿಸಿಕೊಳ್ಳಲು ದಾರಿ ಇದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಗಾರೆಕೆಲಸ:

ಅಕ್ಕ, ನಾನು 22 ವರ್ಷದಿಂದ ಕಟ್ಟಡದ ಕೆಲಸ ಮಾಡಿಸುತ್ತಿದ್ದೇನೆ. ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಸಂದಿಯಲ್ಲಿ ಜೇನಿದ್ದರೆ ಅಷ್ಟು ಜಾಗ ಪೊಳ್ಳು ಎಂದರ್ಥ. ಮೇಲೆ ಗಾರೆ ಹಾಕಿದರೂ ಅಲ್ಲಿಂದಲೇ ಬಿರುಕು ಬಿಡುತ್ತದೆ. ಜೇನನ್ನು ತೆಗೆಸಿ, ಪೊಳ್ಳಿಗೆ ಸಿಮೆಂಟು ತುಂಬಿಸಿ, ಆಮೇಲೆ ಗೋಡೆ ಮಾಡಿಸುವುದೇ ಸರಿಯಾದ ಕ್ರಮ. ಹೆಚ್ಚಿನವರು ತೂತಿಗೆ ಸೀಮೆಎಣ್ಣೆ ಬಿಟ್ಟು ಮುಚ್ಚಿಬಿಡುತ್ತಾರೆ. ನಾನು ಹಾಗೆ ಮಾಡಿಸುವುದಿಲ್ಲ. ಒಮ್ಮೆ ನನ್ನ ಆಳುಗಳು ನನಗೆ ಹೇಳದೆ ಮಾಡಿದ್ದರು. ಹೂವಿಗೆ ಹೋಗಿದ್ದ ಹುಳುಗಳು ಹಿಂದಿರುಗಿ, ತೂತು ಇದ್ದ ಜಾಗದಲ್ಲಿ ಹಸಿ ಗಾರೆಯ ಮುಂದೆ ಮೂರು ದಿನ ಸುತ್ತಿದವು. ಕಾಲಿನಲ್ಲಿ ಹೂಪುಡಿ ಹಾಗೆಯೇ ಇತ್ತು. ನಾಲ್ಕನೆಯ ದಿನ ಒಂದೂ ಕಾಣಲಿಲ್ಲ. ಆ ಗೋಡೆಯನ್ನು ನಾನು ಈಗಲೂ ಮರೆತಿಲ್ಲ.

ಜೇನುಪೆಟ್ಟಿಗೆ:

ತಂಗಿ, ಮೇಸ್ತ್ರಿಗೆ ಮೊದಲು ಹೇಳಿ, ಆ ಮೂಲೆಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಲಿ. ಉಳಿದದ್ದನ್ನು ನಿಧಾನವಾಗಿ ಯೋಚಿಸೋಣ.

ನನ್ನದು ಶಿರಸಿಯ ಕಡೆ. ಅಪ್ಪನ ಕಾಲದಿಂದ ತುಡುವೆ ಜೇನು ಸಾಕಣೆ. ನೀವು ಮುಜಂಟಿ ಎನ್ನುವುದನ್ನು ನಮ್ಮಲ್ಲಿ ಮಿಸರಿ ಎನ್ನುತ್ತೇವೆ. ತಮಿಳರು ಕೊಸು ತೇನೀ ಎನ್ನುತ್ತಾರೆ, ಅಂದರೆ ಸೊಳ್ಳೆಯಷ್ಟು ಸಣ್ಣ ಜೇನು. 4 ಮಿಲಿಮೀಟರ್‌ನ ಆಸುಪಾಸಿನ ಹುಳು, ಕುಟುಕಲು ಮುಳ್ಳಿಲ್ಲ. ಮುಳ್ಳಿಲ್ಲದವರು ಮನೆ ಕಾಯುವ ರೀತಿಯೇ ಬೇರೆ. ಅದನ್ನು ಅರ್ಥ ಮಾಡಿಕೊಂಡರೆ ಆ ಕೊಳವೆ ಏನೆಂದು ಗೊತ್ತಾಗುತ್ತದೆ.

ಕೊಳವೆಯ ಅಂಚನ್ನು ಬೆರಳಿನಿಂದ ಮುಟ್ಟಿದ್ದೀರಾ? ಬುಡ ಗಟ್ಟಿ, ತುದಿ ಮೆತ್ತಗೆ, ಬಾಯಿಯಲ್ಲಿ ಅಂಟು. ಹಲಸಿನದೋ ಮಾವಿನದೋ ಮರದ ಅಂಟು ತಂದು ತಮ್ಮ ಮೈಯ ಮೇಣದ ಜೊತೆ ಕಲಸಿ ಕಟ್ಟುತ್ತವೆ. ಬಾಯಿಯ ಅಂಚಿಗೆ ಆಗಾಗ ಹೊಸ ಅಂಟು ಬಳಿಯುತ್ತವೆ. ಇರುವೆ ಅಲ್ಲಿ ಕಾಲಿಟ್ಟರೆ ಕಾಲು ಹಿಡಿದುಕೊಳ್ಳುತ್ತದೆ. ಬಾಗಿಲು ಕಿರಿದು, ಬಾಗಿಲ ಮುಂದೆ ಅಂಟು, ಅಂಟಿನ ಹಿಂದೆ ಕಾವಲು. ಈ ಮೂರೂ ಸೇರಿ ಮುಳ್ಳಿನ ಕೆಲಸ ಮಾಡುತ್ತವೆ. ಇಷ್ಟನ್ನೂ ದಾಟಿ ಗೂಡಿಗೆ ಯಾರಾದರೂ ಕೈ ಹಾಕಿದರೆ ಆಗ ಹೊರಬರುತ್ತವೆ. ಕೂದಲ ಬುಡ, ಕಿವಿ, ಕಣ್ಣಿನ ರೆಪ್ಪೆ ಹುಡುಕಿಕೊಂಡು ಹೋಗಿ ಕಚ್ಚುತ್ತವೆ, ಬಾಯಲ್ಲಿದ್ದ ಅಂಟನ್ನು ಕೂದಲಿಗೆ ಮೆತ್ತುತ್ತವೆ. ನೋವು ಹೆಚ್ಚಿಲ್ಲ. ಆದರೆ ನಿಲ್ಲಲು ಆಗುವುದಿಲ್ಲ, ಓಡಲೇಬೇಕು.

ಪಾಳಿಯ ವಿಷಯ. ನಮ್ಮ ತುಡುವೆಯಲ್ಲಾಗಲಿ ಮಿಸರಿಯಲ್ಲಾಗಲಿ ದುಡಿಯುವವೆಲ್ಲ ಹೆಣ್ಣು. ಹುಟ್ಟಿದ ಮೊದಲ ದಿನಗಳಲ್ಲಿ ಒಳಮನೆಯ ಕೆಲಸ, ಮರಿಗಳಿಗೆ ಉಣಿಸುವುದು, ಮೇಣ ಕಟ್ಟುವುದು. ವಯಸ್ಸಾದಂತೆ ಬಾಗಿಲ ಕಡೆಗೆ ಬರುತ್ತವೆ. ಕೊನೆಗೆ ಹೊರಗೆ ಹೂವಿಗೆ. ಒಳಮನೆಗೂ ಹೊರಗಿನ ಲೋಕಕ್ಕೂ ನಡುವಿನ ವಯಸ್ಸಿನಲ್ಲಿ ಕಾವಲು ಬರುತ್ತದೆ. ಹಾಗಾಗಿ ನಿಮ್ಮ ಅತ್ತೆ ಕಂಡವು, ನೀವು ಹೊಸ ಸೊಸೆಯಾಗಿ ಬಂದಾಗ ಕಂಡವು, ಇವತ್ತು ಎಣಿಸಿದ ಒಂಬತ್ತು, ಎಲ್ಲವೂ ಬೇರೆ ಬೇರೆ. ಬಾಗಿಲು ಮಾತ್ರ ಒಂದೇ.

ಎಲೆಮರೆ:

ನಾನು ಬೆಂಗಳೂರಿನಲ್ಲಿ ಕೀಟಶಾಸ್ತ್ರ ಓದುತ್ತಿದ್ದೇನೆ. ಅಕ್ಕ ಕೇಳಿದ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ.

ಗುರುತು ಹಿಡಿಯುವುದು ವಾಸನೆಯಿಂದ. ಪ್ರತಿಯೊಂದು ಜೇನಿನ ಮೈಮೇಲೂ ಮೇಣದಂಥ ತೆಳ್ಳನೆಯ ಲೇಪವಿರುತ್ತದೆ. ಅದರಲ್ಲಿ ಹಲವು ಹೈಡ್ರೋಕಾರ್ಬನ್‌ಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ. ಕೆಲವು ಹುಟ್ಟಿನಿಂದ ಬರುತ್ತವೆ, ಇನ್ನು ಕೆಲವು ಗೂಡಿನ ಮೇಣದಲ್ಲಿ ಓಡಾಡಿ ಓಡಾಡಿ ಮೈಗೆ ಹತ್ತುತ್ತವೆ. ಒಂದೇ ಅಡುಗೆಮನೆಯ ಹೊಗೆಯಲ್ಲಿ ಬೆಳೆದವರ ಬಟ್ಟೆಗೆಲ್ಲ ಒಂದೇ ವಾಸನೆ ಇರುವ ಹಾಗೆ. ಕಾವಲಿನ ಹುಳು ಬಂದವರನ್ನು ಮೀಸೆಯಿಂದ ಒಮ್ಮೆ ತಟ್ಟಿ ನೋಡುತ್ತದೆ. ತನ್ನ ಮನೆಯ ವಾಸನೆಯೊಂದಿಗೆ ಹೊಂದಿದರೆ ಬಿಡುತ್ತದೆ, ಇಲ್ಲದಿದ್ದರೆ ಹಿಡಿಯುತ್ತದೆ. ಇದೆಲ್ಲ ಒಂದೆರಡು ಕ್ಷಣದಲ್ಲಿ ಮುಗಿದುಹೋಗುತ್ತದೆ. ‘ಅಷ್ಟೇ ಅಷ್ಟು ಸರಿದು ದಾರಿ ಬಿಡುತ್ತವೆ’ ಎಂದು ಬರೆದಿದ್ದೀರಲ್ಲ, ನೀವು ಕಂಡದ್ದು ಅದನ್ನೇ.

ಯೂರೋಪಿನ ಜೇನಿನ ಮೇಲೆ ನಡೆದ ಅಧ್ಯಯನಗಳಲ್ಲಿ ಇನ್ನೊಂದು ವಿಷಯ ತಿಳಿದುಬಂದಿದೆ. ನನಗೆ ಅದು ತುಂಬ ಇಷ್ಟ. ಕಾವಲಿನ ಬಿಗಿ ಎಲ್ಲ ಕಾಲಕ್ಕೂ ಒಂದೇ ಸಮನಾಗಿ ಇರುವುದಿಲ್ಲ. ಹೂವು ತುಂಬಿದ ಕಾಲದಲ್ಲಿ ಬೇರೆ ಗೂಡಿನ ಹುಳು ದಾರಿ ತಪ್ಪಿ ಬಂದರೂ ಎಷ್ಟೋ ಸಲ ಒಳಗೆ ಬಿಟ್ಟುಬಿಡುತ್ತವೆ. ಬರಗಾಲದಲ್ಲಿ ಹಾಗಲ್ಲ. ಆಗ ಒಂದೊಂದನ್ನೂ ತಡೆದು ನೋಡುತ್ತವೆ, ಒಮ್ಮೊಮ್ಮೆ ತಮ್ಮ ಮನೆಯವರನ್ನೇ ತಪ್ಪಾಗಿ ಹಿಡಿಯುವಷ್ಟು ಬಿಗಿಯಾಗುತ್ತವೆ.

ಜೇನುಪೆಟ್ಟಿಗೆ:

ಎಲೆಮರೆ ಅವರು ಹೇಳಿದ್ದನ್ನು ನಾನು ಪ್ರತಿ ವರ್ಷ ಕಣ್ಣಾರೆ ಕಾಣುತ್ತೇನೆ, ಕಾರಣ ಮಾತ್ರ ಇವತ್ತು ತಿಳಿಯಿತು. ಮಲೆನಾಡಿನ ಮಳೆಗಾಲ ಎಂದರೆ ತುಡುವೆಗೆ ಉಪವಾಸ. ಪೆಟ್ಟಿಗೆಗೆ ಸಕ್ಕರೆ ಪಾಕ ಇಡುತ್ತೇವೆ. ಇಡುವಾಗ ಹೊರಗೆ ಎರಡು ಹನಿ ಚೆಲ್ಲಿದರೂ ಸಾಕು, ಪಕ್ಕದ ಪೆಟ್ಟಿಗೆಯವು ಕೊಳ್ಳೆಗೆ ಬರುತ್ತವೆ. ಆಗ ಬಾಗಿಲಲ್ಲಿ ಹಿಡಿದಾಟ, ಹಲಗೆಯ ಮೇಲೆ ಹೆಣಗಳು. ಬಾಗಿಲನ್ನು ಒಂದು ಹುಳು ನುಸುಳುವಷ್ಟಕ್ಕೆ ಕಿರಿದು ಮಾಡಿದರೆ ಕಾವಲಿಗೆ ಬಲ ಬರುತ್ತದೆ. ಕಾಡಿನಲ್ಲಿ ಹೂವು ಎದ್ದ ಮೇಲೆ ಅದೇ ಪೆಟ್ಟಿಗೆಯ ಬಾಗಿಲಲ್ಲಿ ಯಾರು ಬಂದರೂ ಯಾರು ಹೋದರೂ ಕೇಳುವವರಿಲ್ಲ. ಹೊಟ್ಟೆ ತುಂಬಿದ ಮನೆಯ ಬಾಗಿಲು ಸಡಿಲ.

ನೆನಪಾಯಿತು, ಇದನ್ನೂ ಬರೆದುಬಿಡುತ್ತೇನೆ. ಜೇನು ಕುಟುಕಿದ ಜಾಗವನ್ನು ಮೂಸಿ ನೋಡಿದರೆ ಬಾಳೆಹಣ್ಣಿನ ವಾಸನೆ ಬರುತ್ತದೆ. ಅದು ಉಳಿದವನ್ನು ಕರೆಯುವ ವಾಸನೆ. ಪೆಟ್ಟಿಗೆಯ ಹತ್ತಿರ ನಿಂತು ಬಾಳೆಹಣ್ಣು ತಿನ್ನಬಾರದು ಎಂದು ಅಪ್ಪ ಗದರಿಸುತ್ತಿದ್ದರು. ಅವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಜೇನು ಗೊತ್ತಿತ್ತು.

ಚಗಳಿಕೊಟ್ಟೆ:

ಕಾವಲು ಎಂದರೆ ನನಗೆ ಚಗಳಿಯೇ ನೆನಪಿಗೆ ಬರುವುದು. ಮೂಡಿಗೆರೆಯ ಕಡೆ ನಮ್ಮ ಕಾಫಿ ತೋಟ. ನೆರಳಿನ ಮರಗಳ ಮೇಲೆ ಎಲೆ ಹೊಲಿದು ಕೊಟ್ಟೆ ಕಟ್ಟುವ ಕೆಂಪಿರುವೆ. ಹಣ್ಣು ಕೊಯ್ಯುವ ಹೆಂಗಸರು ಅದಕ್ಕೆ ಹೆದರುತ್ತಾರೆ, ಅದರ ಚಟ್ನಿಯನ್ನೂ ಅರೆಯುತ್ತಾರೆ.

ಕೊಟ್ಟೆ ಹೊಲಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಕಾಲಿನಿಂದಲೂ ಬಾಯಿಯಿಂದಲೂ ಎಳೆದು ಹಿಡಿದಿದ್ದವು. ಬೇರೆ ಇರುವೆಗಳು ಬಾಯಲ್ಲಿ ತಮ್ಮ ಮರಿಹುಳು ಕಚ್ಚಿಕೊಂಡು ಬಂದು ಆ ಅಂಚಿನಿಂದ ಈ ಅಂಚಿಗೆ ಆಡಿಸುತ್ತಿದ್ದವು. ಮರಿಯ ಬಾಯಿಂದ ಬರುವ ರೇಷ್ಮೆಯೇ ದಾರ. ಮನೆಯ ಮಗುವಿನಿಂದಲೇ ಮನೆ ಹೊಲಿಸುತ್ತವೆ.

ನಾನು ಹೇಳಲು ಬಂದದ್ದು ಬೇರೆ. ಚಗಳಿಗೆ ಒಂದೇ ಕೊಟ್ಟೆ ಇರುವುದಿಲ್ಲ. ಒಂದು ಕುಟುಂಬ ಹಲವು ಮರಗಳಿಗೆ ಹರಡಿರುತ್ತದೆ. ಗಡಿಯ ಕೊಂಬೆಗಳಲ್ಲಿ ಸಣ್ಣ ಸಣ್ಣ ಕೊಟ್ಟೆಗಳಿರುತ್ತವೆ. ಅವುಗಳಲ್ಲಿ ಮೊಟ್ಟೆ ಮರಿ ಏನೂ ಇಲ್ಲ, ವಯಸ್ಸಾದ ಇರುವೆಗಳು ಮಾತ್ರ. ಪಕ್ಕದ ಕುಟುಂಬದವು ಗಡಿ ದಾಟಿದರೆ ಮೊದಲು ಎದುರಾಗುವವು ಈ ಮುದಿ ಇರುವೆಗಳು. ಮನೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದವು ಗಡಿಗೆ ಹೋಗಿ ಕೂರುತ್ತವೆ. ಕೊಟ್ಟೆಯನ್ನು ಅಲುಗಿಸಿದರೆ ಒಳಗಿನಿಂದ ಒಣ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು ಕೇಳುತ್ತದೆ. ನೂರಾರು ಇರುವೆಗಳು ಎಲೆಗೆ ಮೈ ಬಡಿಯುವ ಸದ್ದು ಅದು. ಆ ಸದ್ದಿನ ಮೇಲೂ ಕೈ ಚಾಚಿದವರಿಗೆ ಮಾತ್ರ ಕಡಿತ.

ಚೀನಾದಲ್ಲಿ 1,700 ವರ್ಷಗಳ ಹಿಂದೆಯೇ ಹಣ್ಣು ಕೆಡಿಸುವ ಹುಳುಗಳ ಕಾಟ ತಡೆಯಲು ಕಿತ್ತಳೆ ತೋಟಕ್ಕೆ ಈ ಇರುವೆಯ ಕೊಟ್ಟೆಗಳನ್ನು ತಂದು ಕಟ್ಟುತ್ತಿದ್ದರು ಎಂದು ಓದಿ ನಮ್ಮ ತೋಟದ ಕೊಟ್ಟೆಗಳಿಗೆ ಔಷಧ ಹೊಡೆಯುವುದನ್ನು ನಿಲ್ಲಿಸಿದೆ. ಕಡಿಸಿಕೊಂಡವರಿಗೆ ನನ್ನ ಮೇಲೆ ಸಿಟ್ಟಿದೆ, ಅದು ನ್ಯಾಯವೇ. ಕೊಯ್ಲಿನ ಮೊದಲು ಯಾವ ಯಾವ ಗಿಡದಲ್ಲಿ ಕೊಟ್ಟೆ ಇದೆ ಎಂದು ನೋಡಿ ಕೆಂಪು ಬಟ್ಟೆ ಕಟ್ಟಿಸುತ್ತೇನೆ.

ಕಿಟಕಿಸರಳು:

ನನ್ನದು ಸಣ್ಣ ಅನುಭವ. ಬಾಡಿಗೆ ಮನೆಯ ಕಿಟಕಿಯ ಸರಳಿಗೆ ಕಣಜ ಗೂಡು ಕಟ್ಟಿದೆ. ಬೂದುಬಣ್ಣದ ಕಾಗದದಂಥ ಕೋಣೆಗಳು, ಒಂದು ಸಣ್ಣ ತೊಟ್ಟಿನಿಂದ ನೇತಾಡುತ್ತಿದೆ. ಇದಕ್ಕೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಗಾಜಿನ ಈಚೆಯಿಂದ ನೋಡಿದರೆ ಹುಳುಗಳು ದಿನವೆಲ್ಲ ಸುಮ್ಮನೆ ಕುಳಿತಿರುತ್ತವೆ. ಇವು ಏನನ್ನು ಕಾಯುತ್ತವೆ? ಇದರ ಮುಂದಿನ ಕಿಟಕಿ ತೆರೆಯಬಹುದೇ?

ಎಲೆಮರೆ:

ಕಿಟಕಿಸರಳು ಅವರೇ, ನೀವು ಹೇಳಿದ್ದು ರೋಪಲಿಡಿಯಾ ಕುಲದ ಕಣಜ ಇರಬೇಕು. ಹಾಗಿದ್ದರೆ ನಿಮ್ಮ ಕಿಟಕಿಯಲ್ಲಿರುವುದು ಬೆಂಗಳೂರಿನ ವಿಜ್ಞಾನಕ್ಕೆ ಬಹಳ ಹತ್ತಿರದ ಜೀವಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಅಧ್ಯಯನ ಮಾಡಿದ್ದಾರೆ. ಒಂದೊಂದು ಹುಳುವಿನ ಮೈಮೇಲೆ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆ ಎಂದು ಗಂಟೆಗಟ್ಟಲೆ ಬರೆದಿಟ್ಟು, 1983ರಲ್ಲಿ ಅವರೂ ಸಹೋದ್ಯೋಗಿಯೂ ಅವನ್ನು ಮೂರು ಗುಂಪು ಮಾಡಿದರು: ಕೂರುವವು, ಕಾದಾಡುವವು, ಆಹಾರ ತರುವವು. ನಮ್ಮ ಕಣ್ಣಿಗೆ ‘ಸುಮ್ಮನೆ’ ಎನಿಸುವ ಕೂರುವಿಕೆಯೂ ಅಲ್ಲಿ ಲೆಕ್ಕಕ್ಕೆ ಬಂತು. ಆ ಗೂಡಿನ ರಾಣಿಯೇ ಕೂರುವವರ ಗುಂಪಿನಲ್ಲಿದ್ದಳು. ಮೈಕಟ್ಟಿನಲ್ಲಿ ಉಳಿದವರಿಗಿಂತ ಬೇರೆ ಕಾಣುವುದಿಲ್ಲ, ಯಾರನ್ನೂ ಗದರಿಸುವುದೂ ಇಲ್ಲ.

ಬಾಗಿಲಿಲ್ಲದ ಮನೆಗೆ ಇರುವ ದಾರಿ ಒಂದೇ, ಆ ತೊಟ್ಟು. ಇರುವೆ ನಡೆದು ಬರಬೇಕಾದರೆ ಅದರ ಮೇಲೆಯೇ ಬರಬೇಕು. ಕಣಜಗಳು ಹೊಟ್ಟೆಯ ತುದಿಯನ್ನು ತೊಟ್ಟಿಗೆ ಉಜ್ಜಿ ಇರುವೆಗೆ ಆಗದ ದ್ರವವೊಂದನ್ನು ಬಳಿಯುತ್ತವೆ. ಗಮನಿಸಿ, ನಿಮಗೂ ಕಾಣಸಿಗಬಹುದು. ಆದರೆ ದೊಡ್ಡ ಕಡಜ ಬಂದರೆ ಇವು ಕಾದಾಡುವುದಿಲ್ಲ. ಗೂಡು ಬಿಟ್ಟು ಪಕ್ಕದ ಎಲೆಯ ಮೇಲೋ ಗೋಡೆಯ ಮೇಲೋ ಹೋಗಿ ಕೂರುತ್ತವೆ. ಕಡಜ ಒಂದೊಂದೇ ಕೋಣೆಯಿಂದ ಮರಿಗಳನ್ನು ಎಳೆದು ತಿಂದು ಹೋದ ಮೇಲೆ ಹಿಂದಿರುಗುತ್ತವೆ. ಮೊದಲ ಸಲ ನೋಡಿದಾಗ ನನಗೆ ಅವುಗಳ ಮೇಲೆ ಕೋಪವೇ ಬಂದಿತ್ತು. ಆಮೇಲೆ ಯೋಚಿಸಿದರೆ, ಎದುರಾದವು ಸತ್ತರೆ ಮತ್ತೆ ಕಟ್ಟುವವರು ಯಾರು? ಮರಿ ಹೋಯಿತು, ಕಟ್ಟುವ ಕೈಗಳು ಉಳಿದವು.

ಕಿಟಕಿಯನ್ನು ಅಲುಗಿಸದೆ ನಿಧಾನವಾಗಿ ತೆರೆದರೆ ಏನೂ ಮಾಡುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಬೇಡ.

ದೂರದೂರು:

ನಾನು ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಇದ್ದೇನೆ, ಮೂಲ ಸುಳ್ಯದ ಕಡೆಯದು. ಇಲ್ಲಿನ ನಮ್ಮ ಬೀದಿಯ ಇಟ್ಟಿಗೆ ಗೋಡೆಯಲ್ಲಿ ಮುಜಂಟಿಯ ದಾಯಾದಿಯೊಂದು ಇದೆ. ಹೆಸರು ಜಟಾಯಿ. ನಮ್ಮ ಜಟಾಯುವಿಗೂ ಈ ಹೆಸರಿಗೂ ಸಂಬಂಧವಿಲ್ಲ, ಅದು ಇಲ್ಲಿನ ಮೂಲನಿವಾಸಿಗಳ ಮಾತು. ಆದರೂ ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಇದರ ಕಾವಲು ನೋಡಬೇಕು. ಒಂದಷ್ಟು ಕೊಳವೆಯ ಅಂಚಿನಲ್ಲಿ ನಿಮ್ಮಲ್ಲಿಯ ಹಾಗೆಯೇ ನಿಂತಿರುತ್ತವೆ. ಇನ್ನೊಂದಷ್ಟು ಬಾಗಿಲ ಮುಂದೆ ಗಾಳಿಯಲ್ಲಿ, ಕದಲದೆ ಹಾರುತ್ತಾ ನಿಲ್ಲುತ್ತವೆ. ಬಂದುಹೋಗುವ ದಾರಿಯ ಎಡಕ್ಕೆ ಕೆಲವು, ಬಲಕ್ಕೆ ಕೆಲವು, ಎರಡೂ ಸಾಲು ದಾರಿಯ ಕಡೆಗೇ ಮುಖ ಮಾಡಿ. ರಾತ್ರಿಯಾದರೆ ಕೊಳವೆಯ ಬಾಯಿಗೆ ಸಣ್ಣ ಸಣ್ಣ ತೂತುಗಳ ಮೇಣದ ಜಾಲರಿ ಕಟ್ಟಿ ಮುಚ್ಚಿಕೊಳ್ಳುತ್ತವೆ, ಬೆಳಗ್ಗೆ ಬಿಚ್ಚುತ್ತವೆ. 2012ರಲ್ಲಿ ಸಂಶೋಧಕರು ತೂಕ ಮಾಡಿ ನೋಡಿದಾಗ ಕಾವಲಿನವು ಹೂವಿಗೆ ಹೋಗುವವಕ್ಕಿಂತ ಸುಮಾರು ಶೇ 30ರಷ್ಟು ಹೆಚ್ಚು ಭಾರವಿದ್ದವು. ಅಂದರೆ ಈ ಜಾತಿಯಲ್ಲಿ ಕಾವಲಿನವು ಹುಟ್ಟುವಾಗಲೇ ಬೇರೆ. ಜೇನುಗಳಲ್ಲಿ ಹೀಗೆ ಸೈನಿಕರಂಥ ಪಂಗಡ ಇರುವುದು ತಿಳಿದದ್ದು ಅದೇ ಮೊದಲು.

ಅಷ್ಟು ಬಲವಾದ ಕಾವಲಿಗೆ ಕಾರಣ ಇದೆ. ಇಲ್ಲಿ ಹೂವಿಗೇ ಹೋಗದೆ ಬೇರೆಯವರ ಗೂಡು ಕೊಳ್ಳೆಹೊಡೆದು ಬದುಕುವ ಜೇನೊಂದಿದೆ. ಅದರ ಮೈಯಿಂದ ನಿಂಬೆಯ ವಾಸನೆ ಬರುತ್ತದೆ. ಆ ವಾಸನೆ ಗಾಳಿಯಲ್ಲಿ ಬಂದ ಕೂಡಲೇ ಜಟಾಯಿಯ ಕಾವಲಿನವು ಮೈಮೇಲೆ ಬೀಳುತ್ತವೆ, ರೆಕ್ಕೆ ಕಚ್ಚಿ ಹಿಡಿದು ಎರಡೂ ನೆಲಕ್ಕೆ ಉರುಳುತ್ತವೆ. ಕೊಳ್ಳೆಯ ಜೇನು ಎಷ್ಟೋ ದೊಡ್ಡದು. ಆದರೂ ಜಟಾಯಿ ಹಿಡಿದ ಹಿಡಿತ ಬಿಡುವುದಿಲ್ಲ.

ಜೇನುಪೆಟ್ಟಿಗೆ:

ದೂರದೂರು ಅವರು ಬರೆದದ್ದನ್ನು ಎರಡು ಸಲ ಓದಿದೆ. ತುಡುವೆಯೂ ಹೀಗೆಯೇ ಕೈಕೈ ಹಿಡಿದು ಕಾಯುತ್ತದೆ. ಪೆಟ್ಟಿಗೆಯ ಮುಂದೆ ಕಡಜ ಸುಳಿದರೆ ಬಾಗಿಲಲ್ಲಿರುವವು ಒಟ್ಟಿಗೆ ಮೈ ಅದುರಿಸುತ್ತವೆ. ಕಡಜ ಹಲಗೆಯ ಮೇಲೆ ಇಳಿದೇಬಿಟ್ಟರೆ ಹತ್ತಾರು ಹುಳು ಅದನ್ನು ಮುತ್ತಿ ಉಂಡೆ ಕಟ್ಟುತ್ತವೆ, ಮೈ ಕಂಪಿಸಿ ಬಿಸಿ ಏರಿಸುತ್ತವೆ. ಜಪಾನಿನಲ್ಲಿರುವ ಇದೇ ಜಾತಿಯ ಜೇನಿನ ಉಂಡೆಯೊಳಗೆ 46 ಡಿಗ್ರಿ ಸೆಲ್ಸಿಯಸ್‌ ದಾಟುವುದನ್ನು ಅಳೆದಿದ್ದಾರೆ. ಅಷ್ಟು ಕಾವನ್ನು ಜೇನು ತಡೆಯುತ್ತದೆ, ಕಡಜ ತಡೆಯುವುದಿಲ್ಲ.

ಆದರೆ ಕಾವಲಿಗೂ ಒಂದು ಮಿತಿ ಇದೆ ಎಂದು ನನಗೆ ಗೊತ್ತಾದದ್ದು 1990ರ ದಶಕದ ಆರಂಭದಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಮರಿಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ದಕ್ಷಿಣದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದವು. ನಮ್ಮ ಮನೆಯಲ್ಲಿದ್ದ 40 ಪೆಟ್ಟಿಗೆಗಳಲ್ಲಿ ಎರಡು ಉಳಿದವು. ಅಪ್ಪ ಬೆಳಗ್ಗೆ ಎದ್ದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ ಬಾಗಿಲು ನೋಡುತ್ತಿದ್ದರು. ಒಳಗೆ ಮರಿಯೊಂದೂ ಉಳಿಯದ ಪೆಟ್ಟಿಗೆಯ ಬಾಗಿಲಲ್ಲೂ ಎರಡು ಮೂರು ಹುಳು ಹೊರಗೆ ಮುಖ ಮಾಡಿ ಕುಳಿತಿರುತ್ತಿದ್ದವು. ಹೊರಗಿನವರನ್ನು ತಡೆಯಲು ಅವಕ್ಕೆ ಬರುತ್ತಿತ್ತು. ರೋಗ ಒಳಗೆ ಹೋದದ್ದು ಮನೆಯವರ ಮೈಮೇಲೆಯೇ, ಮನೆಯ ವಾಸನೆಯೊಂದಿಗೆ. ಅಪ್ಪ ಆ ಖಾಲಿ ಪೆಟ್ಟಿಗೆಗಳನ್ನು ಬಹಳ ದಿನ ಎತ್ತಿಡಲಿಲ್ಲ.

ಮುರಕಲ್ಲಮನೆ:

ಎಲ್ಲರ ಬರಹವನ್ನೂ ರಾತ್ರಿ ಅತ್ತೆಗೆ ಓದಿ ಹೇಳಿದೆ. ಖಾಲಿ ಪೆಟ್ಟಿಗೆಯ ಮಾತು ಬಂದಾಗ ಅವರು ‘ಸಾಕು, ಉಳಿದದ್ದನ್ನು ನಾಳೆ ಓದು’ ಎಂದರು.

ಇವತ್ತು ಬೆಳಗ್ಗೆ ಕಂಡದ್ದನ್ನು ಬರೆಯುತ್ತೇನೆ. ಕಲ್ಲಿನ ಮೇಲೆ ಒಂದು ಜಿಗಿಯುವ ಜೇಡ ಬಂತು, ಅಕ್ಕಿಕಾಳಿನಷ್ಟು ದೊಡ್ಡದು. ಕೊಳವೆಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಬಾಗಿಲಿನ ತಲೆಗಳೆಲ್ಲ ಆ ಕಡೆಗೆ ತಿರುಗಿದವು. ಯಾವುದೂ ಹೊರಗೆ ಬರಲಿಲ್ಲ. ಜೇಡ ಒಂದು ಬೆರಳು ಮುಂದೆ ಬಂತು. ಹೂವಿನಿಂದ ಬಂದ ಎರಡು ಹುಳುಗಳು ಇಳಿಯದೆ ಗಾಳಿಯಲ್ಲೇ ಸುತ್ತತೊಡಗಿದವು. ಆಗ ಒಳಗಿನಿಂದ ಇನ್ನಷ್ಟು ತಲೆಗಳು ಬಂದು ಕೊಳವೆಯ ಬಾಯಿ ಪೂರ್ತಿ ತುಂಬಿಹೋಯಿತು, ಸಾಸಿವೆ ಮೆತ್ತಿದ ಹಾಗೆ. ಎಷ್ಟು ಹೊತ್ತು ಹಾಗೆಯೇ ಇದ್ದವೋ, ಒಲೆಯ ಮೇಲಿಟ್ಟ ಹಾಲು ಉಕ್ಕಿದ ಸದ್ದಾಯಿತು, ನಾನು ಏಳಲಿಲ್ಲ. ಕೊನೆಗೆ ಜೇಡ ಪಕ್ಕಕ್ಕೆ ತಿರುಗಿ ಕಿಟಕಿಯ ಕಡೆ ಹೋಯಿತು. ಹೆಚ್ಚಿಗೆ ಬಂದ ತಲೆಗಳು ಒಳಗೆ ಸರಿದವು. ಎಣಿಸಿದೆ, ಎಂಟು ಉಳಿದಿದ್ದವು. ನಡೆದದ್ದು ಇಷ್ಟೇ. ಯಾರೂ ಯಾರನ್ನೂ ಮುಟ್ಟಲಿಲ್ಲ.

ಗಾರೆಯ ವಿಷಯ ದಯವಿಟ್ಟು ಹೇಳಿ. ಮೇಸ್ತ್ರಿ ಮುಂದಿನ ವಾರ ಬರುತ್ತಾರೆ.

ಹುತ್ತದಮಣ್ಣು:

ಒಂದು ಮಾತು ಸೇರಿಸುತ್ತೇನೆ. ತೆಂಗಿನ ಮರಕ್ಕೆ ಹತ್ತಿದ ಗೆದ್ದಲಿನ ಮಣ್ಣನ್ನು ಕಡ್ಡಿಯಿಂದ ಒಡೆದು ನೋಡಿ. ಮೊದಲು ಹೊರಗೆ ಬರುವವು ದೊಡ್ಡ ತಲೆಯ, ಕತ್ತರಿ ಬಾಯಿಯ ಕಾವಲಿನವು. ಅವು ಬಿರುಕಿನ ಅಂಚಿನಲ್ಲಿ ಹೊರಗೆ ಮುಖ ಮಾಡಿ ನಿಲ್ಲುತ್ತವೆ, ಬೆನ್ನ ಹಿಂದೆ ಉಳಿದವು ಮಣ್ಣು ತಂದು ಮುಚ್ಚುತ್ತವೆ. ಗೆದ್ದಲಿಗೆ ನಾವು ಬೈಯುತ್ತೇವೆ, ಅದು ಕಟ್ಟಿದ ಹುತ್ತಕ್ಕೆ ಹಾಲೆರೆಯುತ್ತೇವೆ. ಅದನ್ನು ಕಾಯುವ ಕುರುಡು ಹುಳುವನ್ನು ನೋಡಿದವರು ಕಡಿಮೆ. ಕಣ್ಣಿಲ್ಲದೆ ಕಾಯುತ್ತದೆ ಅದು.

ಜೇನುಪೆಟ್ಟಿಗೆ:

ತಂಗಿ, ಎರಡು ದಾರಿ ಇವೆ.

ಮೊದಲನೆಯದು, ಗೋಡೆ ಒಡೆಯದೆ ಪೆಟ್ಟಿಗೆಗೆ ಬರಿಸುವುದು. ಸಣ್ಣ ಮರದ ಪೆಟ್ಟಿಗೆಯೋ ಮಣ್ಣಿನ ಕುಡಿಕೆಯೋ ತಂದು, ಕೊಳವೆಗೆ ಒಂದು ನಳಿಕೆ ಹೊಂದಿಸಿ, ಗೋಡೆಯಿಂದ ಹೊರಗೆ ಹೋಗುವವು ಪೆಟ್ಟಿಗೆಯೊಳಗೆ ಹಾದು ಹೋಗುವಂತೆ ಮಾಡಬೇಕು. ಗೋಡೆಯ ಕೊಳವೆಯ ಮೇಣವನ್ನು ಸ್ವಲ್ಪ ಕಿತ್ತು ಪೆಟ್ಟಿಗೆಯ ಬಾಗಿಲಿಗೆ ಮೆತ್ತಿ. ತಮ್ಮ ಮನೆಯ ವಾಸನೆ ಎಂದು ಅವು ಒಪ್ಪಿಕೊಳ್ಳುತ್ತವೆ. ನಿಧಾನವಾಗಿ ಪೆಟ್ಟಿಗೆಯಲ್ಲಿ ಅಂಟಿನ ಕಂಬ, ಜೇನಿನ ಕುಡಿಕೆ, ಮರಿಗಳ ಕೋಣೆ ಕಟ್ಟತೊಡಗುತ್ತವೆ. ತಿಂಗಳುಗಳೇ ಹಿಡಿಯುತ್ತವೆ. ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ.

ಎರಡನೆಯದು ಅಷ್ಟು ಜಾಗ ಬಿಡುವುದು. ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಕೊಳವೆಯ ಸುತ್ತ ಒಂದು ಗೇಣು ಚೌಕ ಬಿಟ್ಟು ಗಾರೆ ಮಾಡಲಿ. ಕೆಲಸ ನಡೆಯುವಾಗ ಕೊಳವೆಯ ಮೇಲೆ ಅರ್ಧ ತೆಂಗಿನ ಚಿಪ್ಪನ್ನು ಸೂರಿನ ಹಾಗೆ ಕಟ್ಟಿ, ಕೆಳಗೆ ದಾರಿ ತೆರೆದಿರಲಿ. ಗಾರೆಯ ನೀರು ಕೊಳವೆಗೆ ಹೋಗದಿದ್ದರೆ ಸಾಕು. ಅವು ಹೆಚ್ಚು ದೂರ ಹೋಗುವವಲ್ಲ, ಕೆಲವು ನೂರು ಮೀಟರ್ ಸುತ್ತಲಿನ ಹೂವಿನಲ್ಲೇ ಬದುಕುತ್ತವೆ. ನಿಮ್ಮ ತೋಟದ ಕಾಯಿಪಲ್ಲೆ ಬಳ್ಳಿಗೂ ಅವು ಬೇಕು. ಬಣ್ಣ ಹೊಡೆಯುವುದಿದ್ದರೆ ಡಬ್ಬವನ್ನು ಮುಚ್ಚಿಡಿಸಿ, ಹಸಿ ಬಣ್ಣವನ್ನೂ ಮರದ ಅಂಟೆಂದು ತಿಳಿದು ಹೊತ್ತೊಯ್ಯುತ್ತವೆ.

ಗಾರೆಕೆಲಸ:

ಹಿರಿಯರು ಹೇಳಿದ ಎರಡನೆಯ ದಾರಿ ಆಗುತ್ತದೆ. ನಾನು ಮೊದಲು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಚೌಕದ ಮೂರು ಅಂಚಿಗೂ ಇಳಿಜಾರು ಕೊಟ್ಟು, ಮೇಲಿನ ಅಂಚಿಗೆ ಎರಡು ಇಂಚು ಹೊರಚಾಚಿದ ಸಣ್ಣ ಪಟ್ಟಿ ಕೂರಿಸಲು ಹೇಳಿ ಅಕ್ಕ. ಮಳೆನೀರು ಸಂದಿಗೆ ಹೋಗುವುದಿಲ್ಲ, ಬಿರುಕೂ ಬಿಡುವುದಿಲ್ಲ. ಮೇಸ್ತ್ರಿಗೆ ಅರ್ಥವಾಗದಿದ್ದರೆ ನನಗೆ ಇಲ್ಲಿಯೇ ಬರೆಯಿರಿ, ಚಿತ್ರ ಬಿಡಿಸಿ ಹಾಕುತ್ತೇನೆ.

ಮುರಕಲ್ಲಮನೆ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ಮುಗಿಯಿತು. ಮೇಸ್ತ್ರಿ ಮೊದಲ ದಿನ ಗೊಣಗಿದರು, ಎರಡನೆಯ ದಿನ ತಾವೇ ಚಿಪ್ಪು ಕಟ್ಟಿದರು. ಕರಣೆ ಹಿಡಿದು ಕೊಳವೆಯ ಪಕ್ಕ ಬಂದಾಗಲೆಲ್ಲ ಕೈ ನಿಧಾನ ಮಾಡುತ್ತಿದ್ದರು. ಗಾರೆಕೆಲಸ ಅವರು ಹೇಳಿದ ಪಟ್ಟಿಯನ್ನೂ ಕೂರಿಸಿದ್ದಾರೆ. ಬೆಳ್ಳನೆಯ ಗೋಡೆಯ ನಡುವೆ ಒಂದು ಗೇಣು ಕೆಂಪು ಕಲ್ಲು ದೇವರ ಗೂಡಿನ ಹಾಗೆ ಕಾಣುತ್ತದೆ. ಅತ್ತೆ ಅದರ ಕೆಳಗೆ ತುಳಸಿಯ ಕುಂಡ ತಂದಿಟ್ಟಿದ್ದಾರೆ.

ನಾಲ್ಕು ದಿನ ಬಾಗಿಲಲ್ಲಿ ಒಂದು ತಲೆಯೂ ಕಾಣಿಸಲಿಲ್ಲ. ನನಗೆ ಅನ್ನ ಸೇರಲಿಲ್ಲ. ಐದನೆಯ ದಿನ ಬೆಳಗ್ಗೆ ಎರಡು, ಮಧ್ಯಾಹ್ನಕ್ಕೆ ಆರು.

ಬಣ್ಣದ ಡಬ್ಬವನ್ನು ಮುಚ್ಚಿಸಿದ್ದೆ. ಕಿಟಕಿಯ ಬಾಗಿಲಿಗೆ ಹೊಡೆದ ಹಸಿರು ಬಣ್ಣ ಒಣಗುವವರೆಗೆ ಹಳೆಯ ಸೀರೆಯನ್ನೂ ಇಳಿಬಿಟ್ಟಿದ್ದೆ. ಆದರೂ ಎಲ್ಲಿಂದಲೋ ನುಸುಳಿ ಒಯ್ದಿವೆ. ಹಳೆಯ ಕಪ್ಪು ಕೊಳವೆಯ ಮುಂದೆ ಹೊಸದಾಗಿ ಒಂದು ಸುತ್ತು ಕಟ್ಟಿಕೊಂಡಿವೆ. ಆ ಸುತ್ತಿನ ಅಂಚಿನಲ್ಲಿ, ಎಡಗಡೆ, ಎಳ್ಳಿನಷ್ಟು ಹಸಿರು. ಇವತ್ತು ಅದರ ಮೇಲೆ ಒಂದು ಕುಳಿತಿತ್ತು, ನನ್ನ ಕಡೆಗೆ ಮುಖ ಮಾಡಿ.

ಜೇನುಪೆಟ್ಟಿಗೆ:

ಹಸಿರಿನ ಚಿತ್ರ ತೆಗೆದು ಹಾಕು ತಂಗಿ. ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ.